ಡಾಕ್ಟ್ರು ಬಿಸಿಲು

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಮೂವತ್ತನಾಲ್ಕು ವರ್ಷ ಪಶುವೈದ್ಯಕೀಯ ಪರೀಕ್ಷಕನಾಗಿ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಸಗಣಿ ತುಳಿದವನು. ನಿಜವಾದ ಡಾಕ್ಟರು ತಾಲ್ಲೂಕು ಆಸ್ಪತ್ರೆಯಲ್ಲಿ ಇರುತ್ತಿದ್ದರು, ಹಳ್ಳಿಯ ಚಿಕಿತ್ಸಾ ಕೇಂದ್ರದಲ್ಲಿ ನಾವು. ಆದರೆ ಹಸುವಿನ ಮೂಗುದಾರ ಹಿಡಿದು ನಿಂತವರಿಗೆ ಈ ವ್ಯತ್ಯಾಸ ಬೇಕಿಲ್ಲ. ಕೈಯಲ್ಲಿ ಸೂಜಿ ಇದ್ದವನೆಲ್ಲ ಡಾಕ್ಟ್ರೇ. ಮೊದಮೊದಲು ‘ನಾನು ಡಾಕ್ಟರಲ್ಲ ಕಣ್ರಪ್ಪ’ ಅನ್ನುತ್ತಿದ್ದೆ. ಆಮೇಲೆ ಅನ್ನುವುದನ್ನು ಬಿಟ್ಟೆ. ಇನ್ನೂ ಆಮೇಲೆ, ಯಾರಾದರೂ ಡಾಕ್ಟ್ರೇ ಅನ್ನದಿದ್ದರೆ ಮುಖ ಊದಿಸಿಕೊಳ್ಳುವಷ್ಟು ಕೆಟ್ಟೆ. ನಾನು ಹೇಳಹೊರಟಿರುವ ತಪ್ಪು ಶುರುವಾದದ್ದೇ ಅಲ್ಲಿಂದ.

ಇದನ್ನು ಬರೆಯಿರಿ ಎಂದವಳು ಶ್ವೇತಾ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿ, ನಾನು ಒಂದು ಕಾಲಕ್ಕೆ ಕೂತಿದ್ದ ಕುರ್ಚಿಯಲ್ಲೇ ಈಗ ಕೂತಿರುವ ಹುಡುಗಿ. ‘ಪುಸ್ತಕದಲ್ಲಿ ಇಲ್ಲದ್ದನ್ನ ಬರೀರಿ ಸಾರ್’ ಎಂದಳು. ಪುಸ್ತಕದಲ್ಲಿ ಇದ್ದದ್ದನ್ನೇ ಸರಿಯಾಗಿ ಓದದೆ ಕೆಟ್ಟವನು ನಾನು ಎಂದು ಅವಳಿಗೂ ಗೊತ್ತು, ಮರ್ಯಾದೆಗೆ ಹಾಗೆ ಹೇಳಿದಳು ಅಷ್ಟೆ. ನನಗೆ ಬಡ್ತಿ ಬಂದದ್ದು, ವರ್ಗವಾದದ್ದು, ನಿವೃತ್ತಿಯ ದಿನ ಹಾರ ಹಾಕಿ ಗಡಿಯಾರ ಕೊಟ್ಟದ್ದು ಇದರಲ್ಲೆಲ್ಲ ಹೊಸಬರು ಕಲಿಯುವಂಥದ್ದು ಏನೂ ಇಲ್ಲ. ಗಡಿಯಾರವೂ ನಿಂತುಹೋಗಿದೆ.

ಈ ಕೆಲಸದ ಮೊದಲ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ದನ ಮಾತಾಡುವುದಿಲ್ಲ, ದನದವರು ನಿಜ ಮಾತಾಡುವುದಿಲ್ಲ. ‘ಏನು ತಿಂತು?’ ಎಂದರೆ ‘ಏನೂ ಇಲ್ಲ ಡಾಕ್ಟ್ರೇ, ಬರೀ ಹುಲ್ಲು’ ಅನ್ನುತ್ತಾರೆ. ಹೊಟ್ಟೆ ಡೋಲಿನಂತೆ ಊದಿರುತ್ತದೆ. ಪಕ್ಕದ ಮನೆಯಲ್ಲಿ ಹಿಂದಿನ ದಿನ ಮದುವೆಯಾಗಿ, ಮಿಕ್ಕಿದ ಅನ್ನವನ್ನೆಲ್ಲ ಇದೇ ಹಸುವಿನ ಮುಂದೆ ಸುರಿದಿರುತ್ತಾರೆ. ಒಮ್ಮೆ ಒಬ್ಬ ಯಜಮಾನ ಎತ್ತಿಗೆ ತಾನೇ ಅರೆದು ಕುಡಿಸಿದ ನಾಟಿ ಔಷಧಿಯ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟು, ಅದರ ಮೇಲೆ ನನ್ನ ಔಷಧಿಯನ್ನೂ ಹಾಕಿಸಿ, ಎತ್ತು ಮೂರು ದಿನ ಭೇದಿ ಮಾಡಿಕೊಂಡಾಗ ‘ಗವರ್ಮೆಂಟ್ ಮದ್ದು ಭಾಳ ಸ್ಟ್ರಾಂಗು’ ಎಂದು ಊರೆಲ್ಲ ಹೊಗಳಿದ. ದನ ಮಾತಾಡುವುದಿಲ್ಲ ಎಂಬ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ. ಅದು ಸುಳ್ಳು. ನನಗೆ ಅದನ್ನು ಕಲಿಸಿದ್ದು ಭೀಮನಬೀಡಿನ ಪುಟ್ಟತಾಯಮ್ಮನವರ ಹಸು.

ಅದಕ್ಕೆ ಮೊದಲು ಒಂದು ಗಿಡದ ವಿಚಾರ ಹೇಳಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವರೆಲ್ಲ ಅದನ್ನು ನೋಡಿದ್ದೀರಿ. ಕೆಂಪು, ಹಳದಿ, ಗುಲಾಬಿ ಎಲ್ಲ ಬಣ್ಣವೂ ಒಂದೇ ಗೊಂಚಲಲ್ಲಿ ಬಿಡುವ ಮುಳ್ಳುಪೊದೆ. ಲಂಟಾನ. ಗಡಿಯಾಚೆಯ ತಮಿಳರ ಬಾಯಲ್ಲಿ ಉಣ್ಣಿ ಗಿಡ. ಯಾವುದೋ ದೇಶದಿಂದ ಚಂದಕ್ಕೆಂದು ತಂದು ನೆಟ್ಟದ್ದಂತೆ. ಈಗ ಕಾಡಿನೊಳಗೂ ಅದೇ, ಕಾಡಂಚಿನ ಗೋಮಾಳದಲ್ಲೂ ಅದೇ, ಕೆರೆ ಏರಿಯ ಮೇಲೂ ಅದೇ. ಹುಲ್ಲು ಇದ್ದ ಜಾಗವನ್ನೆಲ್ಲ ಒತ್ತಿಕೊಂಡು ಕೂತಿದೆ. ಎಲೆಯಲ್ಲಿ ವಿಷ ಇದೆ, ಕೆಂಪು ಹೂವಿನದ್ದರಲ್ಲಿ ಇನ್ನೂ ಜಾಸ್ತಿ ಅನ್ನುತ್ತಾರೆ. ಆದರೆ ಕಾಡಂಚಿನ ದನಗಳು ಅದನ್ನು ಮೂಸುವುದೂ ಇಲ್ಲ. ಹುಟ್ಟಿದಾಗಿನಿಂದ ಅದರ ಮಧ್ಯೆಯೇ ಓಡಾಡಿ, ತಾಯಿಯ ಹಿಂದೆ ಹೋಗಿ, ಯಾವುದಕ್ಕೆ ಬಾಯಿ ಹಾಕಬೇಕು ಯಾವುದಕ್ಕೆ ಹಾಕಬಾರದು ಎಂದು ಕಲಿತಿರುತ್ತವೆ. ಹಾಗಾಗಿ ನಮ್ಮ ಕಡೆ ಲಂಟಾನದ ವಿಷ ಅಂದರೆ ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ, ನಾನೂ ಹಚ್ಚಿಕೊಂಡಿರಲಿಲ್ಲ.

ನಾನು ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಎಲ್ಲಾ ಬರುತ್ತದೆ ಎನ್ನುವ ವಯಸ್ಸು. ಪುಟ್ಟತಾಯಮ್ಮನಿಗೆ ಆಗ ಮೂವತ್ತರ ಆಸುಪಾಸು. ತವರು ಚಂದಕವಾಡಿ. ಅಲ್ಲಿ ಅವರ ಅಣ್ಣ ಗುರುಮಲ್ಲಪ್ಪ. ತಾಯಿ ತೀರಿಕೊಂಡ ಮೇಲೆ, ತಾಯಿ ಸಾಕಿದ್ದ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ ಒಂದು ಕಪ್ಪು ಬಿಳಿ ಮಚ್ಚೆಯ ಸೀಮೆಹಸುವನ್ನು ಅಣ್ಣ ತಂಗಿಗೆ ಕೊಟ್ಟ. ಹೆಸರು ಬೆಳ್ಳಿ. ‘ಅವ್ವನ ನೆಪ್ಪಿಗೆ ನಿನ್ ಮನೇಲಿರ್ಲಿ ಕಣವ್ವ’ ಎಂದು ತಾನೇ ಟೆಂಪೊದಲ್ಲಿ ತಂದು ಇಳಿಸಿ ಹೋದ. ಹೊರಡುವಾಗ ಅವನ ಹೆಂಡತಿ ಹಸುವಿನ ಕೊರಳು ತಬ್ಬಿ ‘ನಮ್ಮನೆ ಲಕ್ಷ್ಮೀನೇ ಕಳಿಸ್ತಾವ್ರಲ್ಲ’ ಎಂದು ಕಣ್ಣೀರು ಹಾಕಿದ್ದಳಂತೆ. ಆ ಮಾತೇ ಆಮೇಲೆ ಊರವರ ಕೈಗೆ ಕೊಳ್ಳಿಯಾಯಿತು.

ಪುಟ್ಟತಾಯಮ್ಮನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಗೆ ಹೊಸ ದನ ಬಂದರೆ ಮೊದಲ ದಿನ ಅದನ್ನು ಕಟ್ಟಬಾರದು. ಗೋಮಾಳಕ್ಕೆ ಹೊಡೆದುಕೊಂಡು ಹೋಗಿ, ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ ನಿಲ್ಲಿಸಿ, ದನಕಾಯೋ ದೇವರಿಗೆ ಕೈಮುಗಿದು, ಅಲ್ಲೇ ಮೇಯಲು ಬಿಡಬೇಕು. ಸ್ವಾಮಿ ಕಣ್ಣಿಗೆ ಬಿದ್ದ ಮೇಲೆಯೇ ಗೂಟ. ಒಳ್ಳೆಯ ಪದ್ಧತಿಯೇ. ಆದರೆ ಬೆಳ್ಳಿ ಚಂದಕವಾಡಿಯಲ್ಲಿ ಹುಟ್ಟಿದಾಗಿನಿಂದ ಕಟ್ಟಿಹಾಕಿ ಮೇಯಿಸಿದ ಹಸು. ಮುಂದೆ ಬಂದದ್ದೆಲ್ಲ ಮೇವು ಎಂದೇ ಅದರ ತಿಳುವಳಿಕೆ. ಟೆಂಪೊದಲ್ಲಿ ಬಂದು ಹಸಿದಿತ್ತು. ಗೋಮಾಳದಲ್ಲಿ ಹುಲ್ಲಿಗಿಂತ ಲಂಟಾನವೇ ಹೆಚ್ಚು.

ಮೂರನೆಯ ದಿನ ನನ್ನನ್ನು ಕರೆದರು. ಹಸು ಮೇವು ಮುಟ್ಟುತ್ತಿಲ್ಲ, ಸಗಣಿ ಕಲ್ಲಿನಂತೆ, ಕಣ್ಣಲ್ಲಿ ನೀರು, ಮೈ ಸಣ್ಣಗೆ ನಡುಕ. ಚಳಿಗಾಲ ಬೇರೆ. ನಾನು ಕಣ್ಣಿನ ರೆಪ್ಪೆ ಎತ್ತಿ ನೋಡಲಿಲ್ಲ. ನೋಡಿದ್ದರೆ ಅರಿಸಿನ ಬಳಿದಂತೆ ಇದ್ದದ್ದು ಕಾಣುತ್ತಿತ್ತು. ‘ಚಳಿ ಹಿಡಿದಿದೆ, ಅಜೀರ್ಣ’ ಎಂದೆ. ಸೂಜಿ ಹಾಕಿದೆ, ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿದೆ. ಹೊರಡುವಾಗ ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳಿದೆ: ‘ಒಳ್ಳೆ ಬಿಸಿಲಿಗೆ ಕಟ್ಟಿ. ಬೆಳಗ್ಗೆಯಿಂದ ಸಂಜೆವರೆಗೂ.’

ಪುಟ್ಟತಾಯಮ್ಮ ಹೇಳಿದ ಮಾತು ತಪ್ಪುವವರಲ್ಲ. ಬಿಸಿಲು ಸರಿದಂತೆ ಗೂಟವನ್ನೂ ಸರಿಸಿದರು. ಮಾರನೆಯ ದಿನ ನಾನು ಹೋದಾಗ ಹಸು ಹಗ್ಗ ಜಗ್ಗಿಕೊಂಡು ಹುಣಸೆಮರದ ನೆರಳಿನ ಕಡೆಗೆ ಎಳೆದಾಡುತ್ತಿತ್ತು. ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಒಂದೇ ಸಮನೆ ಆ ಕಡೆಗೇ. ‘ನೆಳ್ಳಿಗೆ ಎಳೀತದೆ ಕಣ್ರೀ ಡಾಕ್ಟ್ರೇ’ ಎಂದರು ಅವರು. ‘ಹಗ್ಗ ಗಿಡ್ಡ ಮಾಡಿ’ ಎಂದೆ ನಾನು. ಅವರಿಗೆ ಮನಸ್ಸು ಬಾರದೆ ನಿಂತಾಗ ನಾನೇ ಹಗ್ಗ ಗಿಡ್ಡ ಮಾಡಿದೆ, ಈ ಎರಡು ಕೈಯಲ್ಲಿ.

ಐದನೆಯ ದಿನಕ್ಕೆ ಹಸುವಿನ ಬಿಳಿ ಮಚ್ಚೆಯ ಚರ್ಮವೆಲ್ಲ ಬೆಂದು ಸುಲಿಯತೊಡಗಿತು. ಮೂಗು ಕೆಂಪಗೆ ಹಸಿ ಗಾಯ. ಆಶ್ಚರ್ಯವೆಂದರೆ ಕಪ್ಪು ಮಚ್ಚೆಗಳಿಗೆ ಏನೂ ಆಗಿರಲಿಲ್ಲ, ಗೆರೆ ಎಳೆದಂತೆ. ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ತಾಲ್ಲೂಕಿನ ಡಾಕ್ಟರಿಗೆ ಹೇಳಿಕಳಿಸಬೇಕಿತ್ತು. ಹೇಳಿಕಳಿಸಿದರೆ ನಾನು ಡಾಕ್ಟರಲ್ಲ ಎಂದು ಊರಿಗೆ ಗೊತ್ತಾಗುತ್ತಿತ್ತು. ಎಂಟನೆಯ ದಿನ ಬೆಳ್ಳಿ ಸತ್ತಿತು. ರಿಜಿಸ್ಟರಿನಲ್ಲಿ ‘ಶೀತ, ಅಜೀರ್ಣ’ ಎಂದು ಬರೆದೆ.

ಊರು ತನ್ನದೇ ತೀರ್ಮಾನ ಮಾಡಿತು. ಬಿಳಿ ಮಾತ್ರ ಸುಲಿದು ಕಪ್ಪು ಉಳಿಯಿತು ಅಂದರೆ ಅದು ಕಾಯಿಲೆಯಲ್ಲ, ಕಣ್ಣು. ಕೊರಳು ತಬ್ಬಿ ಅತ್ತಳಲ್ಲ ಅತ್ತಿಗೆ, ಅವಳ ಕಣ್ಣು. ಇನ್ನು ಕೆಲವರು, ರೋಗದ ಹಸು ಎಂದು ಗೊತ್ತಿದ್ದೇ ದಾಟಿಸಿದ್ದಾರೆ ಎಂದರು. ಪುಟ್ಟತಾಯಮ್ಮ ಮಾರನೆಯ ದಿನವೇ ಚಂದಕವಾಡಿಗೆ ಹೋಗಿ, ಅಣ್ಣನ ಮನೆಯ ಮುಂದೆ ನಿಂತು, ಅತ್ತಿಗೆಗೆ ಆಡಬಾರದ ಮಾತೆಲ್ಲ ಆಡಿ, ಒಂದು ಹಿಡಿ ಮಣ್ಣು ತೂರಿ ಬಂದರು. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅದರ ಮರುವರ್ಷವೂ ಇಲ್ಲ.

ನನ್ನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ‘ಪಾಪ, ಡಾಕ್ಟ್ರು ದಿನಾ ಬಂದು ನೋಡುದ್ರು’ ಎಂದರು.

ನಿಜ ತಿಳಿದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ನಾನು ತಾಲ್ಲೂಕು ಆಸ್ಪತ್ರೆಗೆ ವರ್ಗವಾಗಿದ್ದೆ. ಅಲ್ಲಿದ್ದ ದೊಡ್ಡ ಡಾಕ್ಟರು ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡಿರುವ, ಒಂದು ಮಾತಿಗೆ ಎರಡು ಗದರುವ ಮನುಷ್ಯ. ಒಂದು ಹಳ್ಳಿಯಲ್ಲಿ ಎತ್ತು ಮಲಗಿದೆ ಎಂದು ಹೋದೆವು. ಅವರು ಸೂಜಿಯ ಪೆಟ್ಟಿಗೆ ಮುಟ್ಟಲಿಲ್ಲ. ಮೊದಲು ರೆಪ್ಪೆ ಎತ್ತಿದರು. ಆಮೇಲೆ ಮೈಮೇಲಿನ ಬಿಳಿ ಜಾಗವನ್ನೆಲ್ಲ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ, ಏನು ತಿಂತು ಎಂದಲ್ಲ. ‘ಈ ಎತ್ತು ಎಲ್ಲಿಂದ ಬಂತು? ಬಂದು ಎಷ್ಟು ದಿನ ಆಯ್ತು?’

ನಾಲ್ಕು ದಿನವಾಗಿತ್ತು. ಬಯಲು ಕಡೆಯಿಂದ ತಂದದ್ದು. ಅಲ್ಲೇ ಕೂತಿದ್ದ ಮುದುಕನೊಬ್ಬ ಬೇಲಿಯ ಲಂಟಾನದ ಕಡೆ ಕೈ ತೋರಿಸಿ ‘ನಮ್ ದನ ಆ ಗಿಡ ಮೂಸಾಕಿಲ್ಲ ಬುಡಿ ಸ್ವಾಮಿ, ಒಸಾ ದನವೇ ಬಾಯಾಕದು’ ಎಂದ. ಡಾಕ್ಟರು ನನ್ನ ಕಡೆ ತಿರುಗಿ ‘ಕೇಳಿಸ್ಕೊಳ್ಳಿ, ಅರ್ಧ ಪುಸ್ತಕ ಹೇಳಿಬಿಟ್ಟ’ ಎಂದರು. ಉಳಿದರ್ಧ ಅವರೇ ಹೇಳಿದರು. ವಿಷ ಈಲಿಯನ್ನು, ಅಂದರೆ ಲಿವರನ್ನು, ಕೆಡಿಸುತ್ತದೆ. ಈಲಿ ಕೆಟ್ಟ ಮೇಲೆ ಬಿಸಿಲು ಬಿದ್ದ ಬಿಳಿ ಚರ್ಮ ಬೇಯುತ್ತದೆ, ಕಪ್ಪು ಚರ್ಮ ತಡೆದುಕೊಳ್ಳುತ್ತದೆ. ಕತ್ತಲೆ ಕೊಟ್ಟಿಗೆಗೆ ಕಟ್ಟಬೇಕು, ಇದ್ದಿಲ ಪುಡಿ ಕದಡಿ ಕುಡಿಸಬೇಕು, ಮೈಗೆ ಒಂದು ಕಿರಣ ಬಿಸಿಲೂ ತಾಕಬಾರದು. ‘ಪ್ರಾಣಿಗೆ ಗೊತ್ತಾಗುತ್ತೆ ಕಣ್ರೀ. ತಾನೇ ನೆರಳಿಗೆ ಎಳೀತದೆ. ನೋಡೋ ಕಣ್ಣು ನಮಗಿರಬೇಕು.’

‘ಯಾರಾದ್ರೂ ಇಂಥ ಹಸುನ ಬಿಸಿಲಿಗೆ ಕಟ್ಟಿದ್ರೆ ಸಾರ್?’ ಎಂದೆ, ಬಾಯಿ ತಡೆಯದೆ.

‘ಅಂಥ ಪೆದ್ದ ಯಾರಿದ್ದಾನ್ರೀ?’ ಎಂದು ನಕ್ಕು ಕೈತೊಳೆಯಲು ಹೋದರು.

ಆ ದಿನವೇ ಭೀಮನಬೀಡಿಗೆ ಹೋಗಿ ಹೇಳಬೇಕಿತ್ತು. ಬೈಸಿಕಲ್ ಹತ್ತಿದ್ದರೆ ಸಂಜೆಯೊಳಗೆ ಮುಟ್ಟುತ್ತಿದ್ದೆ. ಹೋಗಲಿಲ್ಲ. ನಾಳೆ ಎಂದೆ, ಹಬ್ಬ ಕಳೆಯಲಿ ಎಂದೆ, ಅವರೇ ಮರೆತಿರುತ್ತಾರೆ ಎಂದೆ. ಹೇಳದೆ ಉಳಿದ ಮಾತು ಹಾಲಿನ ಹಾಗೆ, ಹೊತ್ತು ಕಳೆದಷ್ಟೂ ಕೆಡುತ್ತದೆ. ಆಮೇಲೆ ಚೆಲ್ಲುವುದಕ್ಕೂ ನಾಚಿಕೆ.

ಹಾಲಿನ ಮಾತು ಬಂದದ್ದಕ್ಕೆ ನೆನಪಾಯಿತು. ಇನ್ನೊಂದು ಊರಿನಲ್ಲಿ ಡೇರಿಗೆ ಒಂದೇ ಮನೆಯ ಹಾಲು ಕಹಿ ಬರುತ್ತಿತ್ತು. ಅತ್ತೆ ‘ಇವಳು ಕ್ಯಾನು ತೊಳಿಯಾಕಿಲ್ಲ’ ಎಂದು ಸೊಸೆಯನ್ನು ಬೈದು ಬೈದು, ಆ ಹೆಣ್ಣುಮಗಳು ಕ್ಯಾನು ಉಜ್ಜಿ ಉಜ್ಜಿ ಕೈ ಒಡೆದುಕೊಂಡಿದ್ದಳು. ನಾನು ಹಸುವಿನ ಹಿಂದೆ ಒಂದು ದಿನ ನಡೆದೆ. ಒಣಗಿದ ಕೆರೆಯಂಗಳದ ತುಂಬ ಪಾರ್ಥೇನಿಯಂ. ಬೇರೆ ಹಸಿರೇ ಇಲ್ಲದೆ ಹಸು ಅದಕ್ಕೇ ಬಾಯಿ ಹಾಕುತ್ತಿತ್ತು, ಅದರ ಕಹಿ ಹಾಲಿಗೆ ಇಳಿಯುತ್ತಿತ್ತು. ಅತ್ತೆಯನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಎರಡು ವಾರ ಕಟ್ಟಿ ಮೇಯಿಸಿದ ಮೇಲೆ ಹಾಲು ಸರಿಹೋಯಿತು. ಸೊಸೆ ನನ್ನ ಕಾಲಿಗೆ ಬೀಳಲು ಬಂದಳು. ಯಾರದೋ ತಪ್ಪಿಗೆ ಬೈಸಿಕೊಳ್ಳುತ್ತಿದ್ದ ಸೊಸೆಯ ಪರವಾಗಿ ಅಷ್ಟು ಧೈರ್ಯ ಮಾಡಿದವನಿಗೆ, ನನ್ನದೇ ತಪ್ಪಿಗೆ ಬೈಸಿಕೊಂಡ ಗುರುಮಲ್ಲಪ್ಪನ ಹೆಂಡತಿಯ ಪರವಾಗಿ ಬಾಯಿ ಬರಲಿಲ್ಲ. ಅಂದು ಆ ಮನೆಯವರು ಕೊಟ್ಟ ಪಾಯಸವನ್ನು ಹಾಗೆಯೇ ಬಿಟ್ಟು ಎದ್ದು ಬಂದೆ.

ಅದೇ ಪಾರ್ಥೇನಿಯಂನಿಂದ ನನಗೆ ಇನ್ನೊಂದು ಪಾಠವೂ ಆಯಿತು. ಮೇಲಿನ ಅಧಿಕಾರಿಯೊಬ್ಬರು ಬರುತ್ತಾರೆಂದು ಆಸ್ಪತ್ರೆಯ ಅಂಗಳ ಸ್ವಚ್ಛ ಮಾಡಲು ಹೇಳಿದರು. ನಾವೆಲ್ಲ ಬರಿಗೈಯಲ್ಲೇ ಗಿಡ ಕಿತ್ತೆವು. ಅಧಿಕಾರಿ ಬರಲಿಲ್ಲ. ನಮ್ಮ ಕೈಗೆಲ್ಲ ತುರಿ ಬಂತು, ನನಗೆ ಕುತ್ತಿಗೆಯವರೆಗೂ ಏರಿ ತಿಂಗಳುಗಟ್ಟಲೆ ಕೆರೆದುಕೊಂಡೆ. ಹೂ ಬಿಡುವ ಮೊದಲು, ಕೈಗವಸು ಹಾಕಿ, ಬೇರು ಸಮೇತ ಕೀಳಿ. ಇಷ್ಟು ಮಾತ್ರ ಪುಸ್ತಕದಲ್ಲೂ ಇದೆ.

ದೇವರು ನನ್ನನ್ನು ಸುಮ್ಮನೆ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಚಾಮರಾಜನಗರ ತಾಲ್ಲೂಕಿಗೆ ಹಾಕಿದರು. ಚಂದಕವಾಡಿಯೂ ನನ್ನ ಸುತ್ತಾಟದೊಳಗೆ ಬಂತು. ಗುರುಮಲ್ಲಪ್ಪನ ಕೊಟ್ಟಿಗೆಗೂ ಹೋದೆ. ಎತ್ತರದ ಆಳು, ಮೆತ್ತನೆಯ ಮಾತು. ಹೆಂಡತಿ ಕೇಳದೆಯೇ ಮಜ್ಜಿಗೆ ತಂದುಕೊಟ್ಟಳು. ಲೋಟ ಹಿಂದಕ್ಕೆ ಕೊಡುವಾಗ ಗುರುಮಲ್ಲಪ್ಪ ಕೇಳಿದ:

‘ಡಾಕ್ಟ್ರೇ, ನೀವು ಆಗ ಬೀಮನಬೀಡ್ ಕಡೆ ಇದ್ರಂತಲ್ಲ. ನಮ್ ತಂಗಿ ಮನೇಲಿ ಒಂದು ಹಸ ಸತ್ತೋಯ್ತು. ಅದುಕ್ಕೆ ಏನಾಗಿತ್ತು, ನಿಮ್ಗೇನಾರ ಗೊತ್ತಾ?’

ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನನಗೆ ಈಗಲೂ ಆ ಸೀರೆಯ ಅಂಚು ಕಣ್ಣಿಗೆ ಕಟ್ಟಿದೆ.

‘ಎಷ್ಟೋ ದನ ನೋಡ್ತೀವಿ, ನೆನಪಿಲ್ಲ’ ಎಂದೆ.

ಅಲ್ಲಿಂದ ಆಚೆಗೆ ನನ್ನ ಕೆಲಸದ ರೀತಿ ಬದಲಾಯಿತು, ಪ್ರಾಯಶ್ಚಿತ್ತ ಅನ್ನಿ ಏನಾದರೂ ಅನ್ನಿ. ಯಾವ ದನ ನೋಡಿದರೂ ಮೊದಲ ಪ್ರಶ್ನೆ ಎಲ್ಲಿಂದ ಬಂತು. ಕಾಡಂಚಿನ ಊರುಗಳಲ್ಲಿ ಹೊಸ ದನ ತಂದವರಿಗೆ, ತಿಂಗಳೊಪ್ಪತ್ತು ಊರ ಹಳೇ ಹಸುವಿನ ಜೊತೆ ಜೋಡಿ ಹಗ್ಗ ಹಾಕಿ ಮೇಯಿಸಿ, ಹೊಟ್ಟೆ ತುಂಬ ಹುಲ್ಲು ಹಾಕಿಯೇ ಆಚೆ ಬಿಡಿ ಎಂದು ಹೇಳುತ್ತಾ ಬಂದೆ. ಹೊಸ ಸೊಸೆಗೆ ಅತ್ತೆ ಮನೆಯ ಪಾತ್ರೆ ಪಗಡ ತೋರಿಸುವ ಹಾಗೆ, ಹಳೇ ಹಸು ತೋರಿಸಿಕೊಡುತ್ತದೆ. ಎಷ್ಟೋ ದನ ಉಳಿದವು. ಆದರೂ ಭೀಮನಬೀಡಿಗೆ ಮಾತ್ರ ಹೋಗಲಿಲ್ಲ. ಅಲ್ಲಿಗೆ ಹೋಗುವ ಬಸ್ಸು ಎದುರಿಗೆ ಬಂದರೂ ತಲೆ ತಿರುಗಿಸಿಕೊಳ್ಳುತ್ತಿದ್ದೆ.

ನಿವೃತ್ತಿಯಾಗಿ ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಹೋದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಶ್ವೇತಾ ಫೋನು ಮಾಡಿದಳು. ಅಲ್ಲಿಯವರೆಗೆ ಅವಳ ಪರಿಚಯವೂ ನನಗಿರಲಿಲ್ಲ.

‘ಸಾರ್, ಭೀಮನಬೀಡಿಂದ ಮಾತಾಡ್ತಿದೀನಿ. ಇಲ್ಲಿ ಒಂದು ಹಸುಗೆ ಲಂಟಾನ ಪಾಯ್ಸನ್ ಆಗಿದೆ. ನೆರಳಿಗೆ ಕಟ್ಟಿ ಅಂದ್ರೆ ಒಪ್ತಿಲ್ಲ. ಹಳೇ ಡಾಕ್ಟ್ರು ಬಿಸಿಲಿಗೆ ಕಟ್ಟಿ ಅಂದಿದ್ರು ಅಂತ ನಿಮ್ಮ ಹೆಸರು ಹೇಳ್ತಿದಾರೆ. ಈ ಊರಲ್ಲಿ ಅದನ್ನ ಡಾಕ್ಟ್ರು ಬಿಸಿಲು ಅಂತಾರಂತೆ. ಯಾವ ದನಕ್ಕೆ ಹುಷಾರು ತಪ್ಪಿದ್ರೂ ಡಾಕ್ಟ್ರು ಬಿಸಿಲಿಗೆ ಕಟ್ಟೋದಂತೆ. ನಿಮ್ಮ ನಂಬರು ಆಫೀಸಲ್ಲಿ ಇಸ್ಕೊಂಡೆ. ನೀವೇ ಒಂದ್ ಮಾತು ಹೇಳ್ಬಿಡಿ ಸಾರ್.’

ಯಾರ ಮನೆ ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು.

ಫೋನಿನಲ್ಲಿ ಹೇಳುವ ಮಾತಲ್ಲ ಅದು. ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಯೋಚನೆ ಮಾಡಿದ್ದು ಒಂದೇ. ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹಸುವಿನ ಜೊತೆ ತಪ್ಪು ಮುಗಿದುಹೋಗುತ್ತದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ನನ್ನ ಹೆಸರಿಟ್ಟುಕೊಂಡು ಊರಲ್ಲಿ ಬಾಳುತ್ತಿತ್ತು. ಪುಟ್ಟತಾಯಮ್ಮ ನನ್ನನ್ನು ಒಂಚೂರೂ ಅನುಮಾನಿಸದೆ ಇದ್ದದ್ದಕ್ಕೇ ಆ ಬಿಸಿಲು ಅಷ್ಟು ವರ್ಷ ಉಳಿದಿತ್ತು. ಹತ್ತರಲ್ಲಿ ಎಂಟು ದನ ತಾವಾಗಿಯೇ ಹುಷಾರಾದಾಗ ಹೆಸರು ಬಿಸಿಲಿಗೆ, ಸತ್ತಾಗ ಯಾರದೋ ಕಣ್ಣಿಗೆ.

ಅಂಗಳದಲ್ಲಿ ಅದೇ ಹುಣಸೆಮರ. ಮೋಡದ ಮರೆಯಿಂದ ಬಂದ ಚುರುಕು ಬಿಸಿಲು. ಬಿಳಿ ಮೈಯ ಹಸು ಕಣ್ಣು ಮುಚ್ಚಿ, ತಲೆ ತಗ್ಗಿಸಿ, ನೆರಳಿನ ಕಡೆಗೆ ಜಗ್ಗುತ್ತಿತ್ತು. ಪುಟ್ಟತಾಯಮ್ಮನ ಸೊಸೆಯ ತವರಿನಿಂದ, ಕೊಳ್ಳೇಗಾಲದ ಕಡೆಯಿಂದ ಬಂದು ವಾರವೂ ಆಗಿರಲಿಲ್ಲವಂತೆ. ಹಗ್ಗ ಗಿಡ್ಡವಾಗಿತ್ತು. ತಲೆ ನರೆತ ಪುಟ್ಟತಾಯಮ್ಮ ನನ್ನನ್ನು ಕಂಡದ್ದೇ ಮುಖ ಅರಳಿಸಿ, ಶ್ವೇತಾಳ ಕಡೆ ಕೈ ತೋರಿಸಿ ‘ಬಂದ್ರಾ ಡಾಕ್ಟ್ರೇ! ನೋಡಿ, ಈ ಮಗ ನೆಳ್ಳಿಗ್ ಕಟ್ಟು ಅಂತದೆ. ನೀವೇ ಯೋಳಿದ್ರಲ್ಲ, ಬಿಸ್ಲಿಗೆ ಕಟ್ಟು, ಹಗ್ಗ ಗಿಡ್ ಮಾಡು ಅಂತ. ಮರ್ತಿಲ್ಲ ನಾನು’ ಎಂದರು.

ನಾನು ಗೂಟದ ಹತ್ತಿರ ಹೋಗಿ ಹಗ್ಗ ಬಿಚ್ಚಲು ಬಗ್ಗಿದೆ. ಅವರು ನನ್ನ ಕೈ ಹಿಡಿದರು. ‘ಯಾಕ್ರೀ, ನೀವೂ ಇಂಗಂತೀರಾ?’

‘ಬಿಸಿಲಿಗೆ ಕಟ್ಟು ಅಂದದ್ದು ತಪ್ಪು ಕಣವ್ವ. ಅವತ್ತೂ ತಪ್ಪು. ಬೆಳ್ಳಿ ಲಂಟಾನ ತಿಂದಿತ್ತು. ನೆರಳಿಗೆ ಕಟ್ಟಿದ್ರೆ ಉಳೀತಿತ್ತೇನೋ. ಬಿಸಿಲಲ್ಲಿ ನಿಲ್ಲಿಸಿ ಕೊಂದವನು ನಾನು. ಯಾರ ಕಣ್ಣೂ ಅಲ್ಲ.’

ಕೈ ಬಿಟ್ಟರು. ನಾನು ಹಗ್ಗ ಬಿಚ್ಚಿದೆ. ಹಸು ನಮ್ಮಿಬ್ಬರನ್ನೂ ತಳ್ಳಿಕೊಂಡು ನೆರಳಿಗೆ ಹೋಯಿತು. ಪುಟ್ಟತಾಯಮ್ಮ ಜಗುಲಿಯ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ.

‘ಹಂಗಾದ್ರೆ ನಮ್ಮಣ್ಣಯ್ಯ ಕೊಟ್ಟ ಹಸ ಚೆನ್ನಾಗೇ ಇತ್ತಾ?’

‘ಚೆನ್ನಾಗಿತ್ತು ಕಣವ್ವ. ಒಂದು ಕೊರತೆ ಇರಲಿಲ್ಲ.’

‘ನಿಮ್ಗೆ ಯಾವಾಗ ಗೊತ್ತಾಯ್ತು?’

ಹೇಳಿದೆ. ಎಲ್ಲವನ್ನೂ ಹೇಳಿದೆ, ಚಂದಕವಾಡಿಯ ಮಜ್ಜಿಗೆಯನ್ನೂ ಸೇರಿಸಿ. ಆಗ ಅವರಿಗೆ ಸಿಟ್ಟು ಬಂತು. ‘ನಮ್ಮತ್ತಿಗೆ ಓಗಿ ನಾಕು ವರ್ಸಾಯ್ತು ಕಣ್ರೀ. ಮಣ್ಣಿಗೂ ಓಗ್ಲಿಲ್ಲ ನಾನು. ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲ! ನಿಮ್ ಬಾಯಿಗೇನು ಬೀಗ ಜಡ್ದಿತ್ತಾ?’

ನನಗೆ ಅಳು ಬಂತು. ಅರವತ್ತು ದಾಟಿದವನು, ಒಂದು ಹುಡುಗಿಯ ಎದುರಿಗೆ, ಜಗುಲಿಯ ಕಂಬ ಹಿಡಿದು ಅತ್ತೆ. ಪುಟ್ಟತಾಯಮ್ಮ ಸೆರಗಿನಲ್ಲಿ ತಮ್ಮ ಕಣ್ಣು ಒರೆಸಿಕೊಂಡು ಎದ್ದರು. ‘ಆಮೇಕೆ ಅಳೀರಂತೆ. ಮೊದ್ಲು ಹಸ ನೋಡಿ’ ಎಂದರು.

ನೋಡಿದ್ದು ಶ್ವೇತಾ. ನಾನು ತಲೆ ಹಿಡಿದುಕೊಂಡೆ ಅಷ್ಟೆ. ನಮ್ಮ ಕಾಲದಲ್ಲಿ ತೆಂಗಿನ ಚಿಪ್ಪು ಸುಟ್ಟು ಕುಟ್ಟಿ ಇದ್ದಿಲ ಪುಡಿ ಮಾಡುತ್ತಿದ್ದೆವು, ಅವಳ ಪೆಟ್ಟಿಗೆಯಲ್ಲಿ ಪೊಟ್ಟಣವೇ ಇತ್ತು. ನಾವು ಗೊಟ್ಟ ತುರುಕುತ್ತಿದ್ದೆವು, ಅವಳು ರಬ್ಬರ್ ನಳಿಕೆ ಇಳಿಸಿದಳು. ರಕ್ತನಾಳಕ್ಕೆ ಗ್ಲೂಕೋಸ್ ಹಾಕಿದಳು. ಫೋಟೋ ತೆಗೆದು ತಾಲ್ಲೂಕಿನ ಡಾಕ್ಟರಿಗೆ ಕಳಿಸಿ, ‘ನನಗೆ ಈ ಡೋಸ್ ಗ್ಯಾರಂಟಿ ಇಲ್ಲ ಮೇಡಂ, ಹೇಳಿ’ ಎಂದು ನಮ್ಮೆಲ್ಲರ ಎದುರಿಗೇ ಕೇಳಿದಳು. ಗೊತ್ತಿಲ್ಲ ಎನ್ನುವುದಕ್ಕೆ ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮೂವತ್ತನಾ‌ಲ್ಕು ವರ್ಷದಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಅದೇ. ಕೊಟ್ಟಿಗೆಯ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದೆವು.

ದಿನಾ ಹೋಗುತ್ತಿದ್ದೆ. ಆರನೆಯ ದಿನ ಹಸು ಒಂದು ಹಿಡಿ ಹುಲ್ಲು ತಿಂದಿತು. ಪುಟ್ಟತಾಯಮ್ಮ ನನಗೆ ಫೋನು ಮಾಡಿ ‘ಮೆಲುಕಾಡ್ತಾ ಅದೆ ಕಣ್ರೀ’ ಎಂದಾಗ ನಾನು ಸಂತೆಯಲ್ಲಿದ್ದೆ. ತರಕಾರಿ ಚೀಲ ಅಲ್ಲೇ ಮರೆತು ಮನೆಗೆ ಬಂದೆ. ಮೂರು ವಾರಕ್ಕೆ ಹಸು ಪೂರ್ತಿ ಎದ್ದಿತು. ಮೂಗಿನ ಮೇಲೆ ಒಂದು ಗುಲಾಬಿ ಕಲೆ ಉಳಿಯಿತು ಅಷ್ಟೆ.

ಆಮೇಲೆ ಅವರೇ ಹೇಳಿದರು: ‘ಚಂದ್ಕವಾಡಿಗೆ ಓಗನ ನಡೀರಿ. ನಾನೊಬ್ಳೇ ಓದ್ರೆ ನಂಬಾಕಿಲ್ಲ. ನೀವೇ ಯೋಳ್ಬೇಕು.’

ಬಸ್ಸಿನಲ್ಲಿ ಹೋದೆವು. ಗುರುಮಲ್ಲಪ್ಪ ಕೋಲೂರಿಕೊಂಡು ಬಾಗಿಲಿಗೆ ಬಂದರು. ತಂಗಿಯನ್ನು ಕಂಡು ಹೊಸ್ತಿಲಲ್ಲೇ ನಿಂತರು. ನಾನೇ ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ. ಕೇಳಿ ಮುಗಿದ ಮೇಲೆ ಅವರು ಗೋಡೆಯ ಮೇಲಿದ್ದ ಹೆಂಡತಿಯ ಪಟ ನೋಡಿದರು.

‘ನಾನೂ ಅದ್ನೇ ಅಂದ್ಕಂಡಿದ್ದೆ ಕಣ್ಲಾ ಪುಟ್ಟಿ’ ಎಂದರು ತಂಗಿಗೆ. ತಂಗಿಯನ್ನು ‘ಲಾ’ ಎಂದದ್ದು ಬಹುಶಃ ಚಿಕ್ಕಂದಿನ ರೂಢಿ. ‘ನಂಗೆ ಗೊತ್ತಾಗ್ದೆ ಕಾಯ್ಲೆ ಹಸನೇ ಕೊಟ್ಬುಟ್ಟೆ ಅಂತ. ಅವ್ವನ ನೆಪ್ಪಿಗೆ ಅಂತ ಕೊಟ್ಟು ನಿನ್ ಮನೇಲಿ ಎಣ ಬೀಳಿಸ್ದೆ ಅಂತ. ಯಾವ ಮೊಕ ಇಟ್ಕಂಡು ಬಾಗ್ನ ತರ್ಲಿ?’

ಇಷ್ಟು ವರ್ಷ ಅಣ್ಣ ಬಾರದೆ ಇದ್ದದ್ದು ಸಿಟ್ಟಿಗಲ್ಲ. ಮಾಡದ ತಪ್ಪನ್ನು ತನ್ನದೆಂದು ಹೊತ್ತುಕೊಂಡಿದ್ದಕ್ಕೆ. ನನ್ನ ಹೊರೆಯನ್ನು ಅವರು ಹೊತ್ತಿದ್ದರು. ಅದನ್ನು ಇಳಿಸಿಕೊಡಲು ನಾನು ಇಷ್ಟು ತಡ ಮಾಡಿದೆ. ಅವರು ನನ್ನನ್ನು ಕ್ಷಮಿಸಿದೆ ಎಂದೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಹೊರಡುವಾಗ ಮಜ್ಜಿಗೆ ಕೊಟ್ಟರು. ಕುಡಿದೆ.

ಹೊಸದಾಗಿ ಸೇರುವವರಿಗೆ ನನ್ನದು ಎರಡೇ ಮಾತು. ಹಸು ಯಾವ ಕಡೆಗೆ ಎಳೆಯುತ್ತದೆ ನೋಡಿ. ಮತ್ತೆ, ತಪ್ಪಾದರೆ ಆ ವಾರದೊಳಗೇ ಹೋಗಿ ಹೇಳಿ. ಹೆಚ್ಚೆಂದರೆ ಬೈಯುತ್ತಾರೆ.

ಆ ವರ್ಷ ಗೌರಿ ಹಬ್ಬಕ್ಕೆ ಗುರುಮಲ್ಲಪ್ಪ ಗುಂಡ್ಲುಪೇಟೆಯವರೆಗೆ ಬಸ್ಸಿನಲ್ಲಿ ಬಂದರು. ಮುಂದಕ್ಕೆ ನಾನೇ ಆಟೋ ಮಾಡಿ ಕರೆದುಕೊಂಡು ಹೋದೆ. ಮಡಿಲಲ್ಲಿ ಬಟ್ಟೆ ಸುತ್ತಿದ ಬಾಗಿನದ ಮೊರ. ಊರ ಮುಂದಿನ ಗೋಮಾಳ ಬಂದಾಗ ‘ಆ ಗಿಡ ಯಾವ್ದು, ತೋರ್ಸಿ’ ಎಂದರು. ಇಳಿದು ತೋರಿಸಿದೆ. ಅರ್ಧ ಜಾಗದಲ್ಲಿ ಊರಿನವರು ಬೇರು ಸಮೇತ ಕಿತ್ತು ಹಾಕಿದ್ದರು, ಉಳಿದರ್ಧ ಹೂ ಬಿಟ್ಟು ನಿಂತಿತ್ತು. ಅವರು ಕೋಲಿನ ತುದಿಯಲ್ಲಿ ಒಂದು ಗೊಂಚಲನ್ನು ಎತ್ತಿ ಬಹಳ ಹೊತ್ತು ನೋಡಿದರು. ‘ಇಷ್ಟೇನಾ?’ ಎಂದರು.

ಮನೆಯ ಹತ್ತಿರ ಇಳಿದಾಗ ಮಧ್ಯಾಹ್ನ. ಅಂಗಳದವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು, ಮೊರ ಎದೆಗೆ ಅವುಚಿಕೊಂಡು. ನಾನೂ ಅವರ ಪಕ್ಕದಲ್ಲಿ ನಿಂತೆ. ಕರೆಯದೆ ಒಳಗೆ ಹೋಗುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಪುಟ್ಟತಾಯಮ್ಮ ಬಾಗಿಲಿಗೆ ಬಂದರು, ತಲೆಗೆ ಹೂ ಮುಡಿದಿದ್ದರು.

‘ಅದ್ಯಾಕ್ ಇಬ್ರೂ ಬಿಸ್ಲಲ್ಲಿ ನಿಂತಿದ್ದೀರಿ? ನೆಳ್ಳಿಗೆ ಬನ್ನಿ’ ಎಂದರು.

ನಾವು ಒಳಗೆ ಹೋದೆವು.